ಇವತ್ತು ಹಾರುವುದಿಲ್ಲ ಎನ್ನುವ ಪೈಲಟ್

ಕೆಲವು ವರ್ಷಗಳಿಂದ ನಾನು ಅಮೆರಿಕದ ಒಂದು ಸ್ವಯಂಸೇವಾ ಸಂಸ್ಥೆಗಾಗಿ ಫೋನಿನ ಕೆಲಸ ಮಾಡುತ್ತಿದ್ದೇನೆ. ದೂರದ ಆಸ್ಪತ್ರೆಗೆ ಹೋಗಲೇಬೇಕಾದ, ಆದರೆ ಹೋಗುವ ಅನುಕೂಲವಿಲ್ಲದ ರೋಗಿಗಳನ್ನು ತಮ್ಮ ಸಣ್ಣ ವಿಮಾನಗಳಲ್ಲಿ ಒಂದು ಕಾಸೂ ಪಡೆಯದೆ ಕರೆದೊಯ್ಯುವ ಪೈಲಟ್‌ಗಳ ಸಂಸ್ಥೆ ಅದು. ನನಗೆ ವಿಮಾನ ಹಾರಿಸಲು ಬರುವುದಿಲ್ಲ. ರೋಗಿಯ ಮನೆಯವರೊಂದಿಗೆ ಮಾತನಾಡುವುದು, ವೈದ್ಯರಿಂದ ಒಪ್ಪಿಗೆಪತ್ರ ತರಿಸಿಕೊಳ್ಳುವುದು, ಎಲ್ಲರ ತೂಕ ಕೇಳಿ ಬರೆದುಕೊಳ್ಳುವುದು, ಪೈಲಟ್ ಸಿಕ್ಕ ಮೇಲೆ ಎರಡೂ ಕಡೆಯವರನ್ನು ಜೋಡಿಸುವುದು ನನ್ನ ಪಾಲಿನ ಕೆಲಸ. ಈ ಕೆಲಸದಲ್ಲಿ ಅತ್ಯಂತ ಕಷ್ಟವಾದದ್ದು ಹಾರಾಟವನ್ನು ಹೊಂದಿಸುವುದಲ್ಲ, ರದ್ದಾಗಿದೆ ಎಂದು ತಿಳಿಸುವುದು. ಆದರೂ ರದ್ದು ಮಾಡಬಲ್ಲ ಪೈಲಟ್‌ನಿಂದಲೇ ಈ ಸೇವೆ ಉಳಿದಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದನ್ನು ಏರ್ ಆ್ಯಂಬುಲೆನ್ಸ್ ಎಂದು ಭಾವಿಸುವವರು ಬಹಳ ಮಂದಿ. ಈ ವಿಮಾನಗಳಲ್ಲಿ ಸ್ಟ್ರೆಚರ್ ಇರುವುದಿಲ್ಲ, ನರ್ಸ್ ಇರುವುದಿಲ್ಲ, ದಾರಿಯಲ್ಲಿ ಚಿಕಿತ್ಸೆ ನೀಡುವವರು ಯಾರೂ ಇರುವುದಿಲ್ಲ. ರೋಗಿಯ ಆರೋಗ್ಯ ಸ್ಥಿರವಾಗಿರಬೇಕು. ಹೆಚ್ಚಿನ ಆಸರೆಯಿಲ್ಲದೆ ವಿಮಾನದೊಳಗೆ ಹತ್ತಿ, ನೆಟ್ಟಗೆ ಕುಳಿತು, ಬೆಲ್ಟ್ ಕಟ್ಟಿಕೊಳ್ಳಲು ಆಗಬೇಕು. ಕೀಮೋಥೆರಪಿಗೆ ಮತ್ತೆ ಮತ್ತೆ ಹೋಗಬೇಕಾದವರು, ಅಂಗಾಂಗ ಕಸಿಯ ನಂತರದ ತಪಾಸಣೆಗೆ ಹೊರಟವರು, ಸುಟ್ಟಗಾಯಗಳ ವಿಶೇಷ ಆಸ್ಪತ್ರೆಗೆ ಮಗುವನ್ನು ಕರೆದೊಯ್ಯುವವರು ನಮ್ಮನ್ನು ಕೇಳಿಕೊಂಡು ಬರುತ್ತಾರೆ. ಅಸ್ಥಿಮಜ್ಜೆಯ ಕಸಿಯಾದವರಿಗೆ ಸೋಂಕನ್ನು ತಡೆಯುವ ಶಕ್ತಿ ತೀರಾ ಕಡಿಮೆ ಇರುವುದರಿಂದ ಜನ ತುಂಬಿದ ವಿಮಾನ ನಿಲ್ದಾಣಗಳೂ ಬಸ್ಸುಗಳೂ ಅವರಿಗೆ ಅಪಾಯಕಾರಿ. ಮೂರ್ನಾಲ್ಕು ಜನರಷ್ಟೇ ಇರುವ ವಿಮಾನ ಅವರಿಗೆ ನಿಜವಾದ ಆಸರೆ. ಎಲ್ಲ ರೋಗಿಗಳಿಗೂ ಇದು ಒಗ್ಗುವುದಿಲ್ಲ ಎಂಬುದನ್ನೂ ಹೇಳಬೇಕು. ಈ ವಿಮಾನಗಳಲ್ಲಿ ಹೆಚ್ಚಿನವುಗಳೊಳಗೆ ಗಾಳಿಯ ಒತ್ತಡವನ್ನು ಕಾಯ್ದುಕೊಳ್ಳುವ ವ್ಯವಸ್ಥೆ ಇಲ್ಲ. 8,000 ಅಡಿ ಎತ್ತರದಲ್ಲಿ ಅನಿಲವು ನೆಲಮಟ್ಟದಲ್ಲಿದ್ದುದಕ್ಕಿಂತ ಸುಮಾರು ಮೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ. ಆದ್ದರಿಂದ ಅಕ್ಷಿಪಟಲದ ಶಸ್ತ್ರಚಿಕಿತ್ಸೆಯಲ್ಲಿ ಕಣ್ಣೊಳಗೆ ಅನಿಲ ತುಂಬಿಸಿಕೊಂಡವರು ಅದು ಕರಗುವ ತನಕ ವಿಮಾನ ಹತ್ತುವಂತಿಲ್ಲ. ವೈದ್ಯರ ಒಪ್ಪಿಗೆಪತ್ರಕ್ಕಾಗಿ ನಾನು ಪಟ್ಟು ಹಿಡಿಯುವುದು ಇಂಥ ಕಾರಣಗಳಿಗಾಗಿ.

ಇಂಥ ಸೇವಾ ಸಂಸ್ಥೆಗಳು ಹಲವು ಕಡೆ ಇವೆ: ಕ್ಯಾಲಿಫೋರ್ನಿಯಾದಲ್ಲಿ 1978ರಲ್ಲಿ ಏರ್‌ಲೈಫ್‌ಲೈನ್, 1983ರಲ್ಲಿ ಏಂಜೆಲ್ ಫ್ಲೈಟ್, ಕೆನಡಾದಲ್ಲಿ 1986ರಲ್ಲಿ ಹೋಪ್ ಏರ್, ಆಸ್ಟ್ರೇಲಿಯಾದಲ್ಲಿ 2003ರಲ್ಲಿ ಅಲ್ಲಿನ ಏಂಜೆಲ್ ಫ್ಲೈಟ್ ಹುಟ್ಟಿದವು. ಅಮೆರಿಕದ ನಿಯಮದಂತೆ ಖಾಸಗಿ ಪೈಲಟ್ ಪರವಾನಗಿ ಇರುವವರು ಪ್ರಯಾಣಿಕರಿಂದ ಬಾಡಿಗೆ ಪಡೆಯುವಂತಿಲ್ಲ. ಇಂಧನದ ವೆಚ್ಚವನ್ನು ಸಾಮಾನ್ಯವಾಗಿ ಪೈಲಟ್ ತಾನೇ ಭರಿಸುತ್ತಾನೆ. ಅದನ್ನು ದಾನವೆಂದು ತೋರಿಸಿ ಆದಾಯ ತೆರಿಗೆಯಲ್ಲಿ ವಿನಾಯಿತಿ ಪಡೆಯಲು ಅವಕಾಶವಿದೆ, ಅಷ್ಟೆ.

ತೂಕದ ಮಾತಿಗೆ ಬರುತ್ತೇನೆ, ಏಕೆಂದರೆ ಜನರಿಗೆ ಇರಿಸುಮುರಿಸಾಗುವುದು ಇಲ್ಲಿಯೇ. ಸೆಸ್ನಾ 172 ವಿಮಾನದಲ್ಲಿ ನಾಲ್ಕು ಸೀಟುಗಳಿವೆ. ಆದರೆ ಟ್ಯಾಂಕ್ ಭರ್ತಿ ಮಾಡಿದರೆ ಸುಮಾರು 200 ಲೀಟರ್ ಇಂಧನದ ತೂಕವೇ 140 ಕಿಲೋ ದಾಟುತ್ತದೆ, ಪೈಲಟ್‌ನೂ ಸೇರಿ ಜನರಿಗೆ ಮತ್ತು ಸಾಮಾನಿಗೆ ಉಳಿಯುವುದು ಹೆಚ್ಚುಕಡಿಮೆ 250 ಕಿಲೋ. ನಾಲ್ವರು ದೊಡ್ಡವರು ಕುಳಿತರೆ ಈ ಲೆಕ್ಕ ಮುರಿಯುತ್ತದೆ. ಇಂಧನ ಕಡಿಮೆ ಮಾಡಿದರೆ ದೂರ ಕುಗ್ಗುತ್ತದೆ. ಆದ್ದರಿಂದ ಕಾಯಿಲೆಯಿಂದ ಸೊರಗಿರುವ ಮನುಷ್ಯನಿಗೆ ಫೋನ್ ಮಾಡಿ, "ಈಗಿನ ತೂಕ ಎಷ್ಟು, ಬಟ್ಟೆ ಮತ್ತು ಶೂ ಸಮೇತ ಹೇಳಿ" ಎಂದು ನಾನು ಕೇಳಲೇಬೇಕು. ಕೆಲವರು ಸಂಕೋಚದಿಂದ ಕಡಿಮೆ ಹೇಳುತ್ತಾರೆ, ಕೆಲವರು ಹೊರಡುವ ದಿನ ಮತ್ತೊಂದು ಚೀಲ ತರುತ್ತಾರೆ. ರನ್‌ವೇ ಬದಿಯಲ್ಲಿ ನಿಂತು ಚೀಲ ಬಿಚ್ಚಿಸುವುದು ಯಾರಿಗೂ ಬೇಡವಾದ ಸಂಗತಿ. ದೂರ ಹೆಚ್ಚಿದ್ದರೆ ಹಾದಿಯನ್ನು ಎರಡು ಹಂತ ಮಾಡುತ್ತೇವೆ, ನಡುವಿನ ನಿಲ್ದಾಣದಲ್ಲಿ ಇನ್ನೊಬ್ಬ ಪೈಲಟ್ ಕಾದಿರುತ್ತಾನೆ.

ಇಷ್ಟೆಲ್ಲ ಸಿದ್ಧವಾದ ಮೇಲೂ ಮೋಡ ಒಂದು ಮಾತು ಹೇಳುತ್ತದೆ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ನಡೆದ ಒಂದು ಪ್ರಯೋಗವನ್ನು ಪೈಲಟ್‌ಗಳು ಇಂದಿಗೂ ನೆನೆಯುತ್ತಾರೆ. ಉಪಕರಣಗಳನ್ನೇ ನಂಬಿ ಹಾರುವ ತರಬೇತಿ ಇಲ್ಲದ 20 ಮಂದಿಯನ್ನು, ಮೋಡದೊಳಗಿದ್ದಂತೆ ಹೊರಗಿನದೇನೂ ಕಾಣದ ಸ್ಥಿತಿಯಲ್ಲಿ ಹಾರಿಸಿದಾಗ, ಇಪ್ಪತ್ತೂ ಮಂದಿ ಮೊದಲ ಯತ್ನದಲ್ಲಿ ಹತೋಟಿ ಕಳೆದುಕೊಂಡರು. ಅದಕ್ಕೆ ಹಿಡಿದ ಸರಾಸರಿ ಸಮಯ 178 ಸೆಕೆಂಡ್. ದಿಗಂತ ಕಾಣದಿದ್ದರೆ ನಿಧಾನವಾದ ತಿರುವು ಒಳಗಿವಿಗೆ ತಿಳಿಯುವುದೇ ಇಲ್ಲ, ವಿಮಾನ ವಾಲುತ್ತಿದ್ದರೂ ನೇರವಾಗಿಯೇ ಇದೆ ಎಂದು ದೇಹ ನಂಬುತ್ತದೆ.

ಆಸ್ಟ್ರೇಲಿಯಾದ ಏಂಜೆಲ್ ಫ್ಲೈಟ್‌ನ ರೋಗಿಗಳನ್ನು ಒಯ್ಯುತ್ತಿದ್ದ ಎರಡು ವಿಮಾನಗಳು, 2011ರಲ್ಲಿ ವಿಕ್ಟೋರಿಯಾದ ಹಾರ್ಷಮ್ ಬಳಿ ಹಾಗೂ 2017ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಮೌಂಟ್ ಗ್ಯಾಂಬಿಯರ್ ಬಳಿ, ನೆಲಕ್ಕಪ್ಪಳಿಸಿ ಒಟ್ಟು ಆರು ಜನ ತೀರಿಕೊಂಡರು. ಎರಡನೆಯ ವಿಮಾನ ತಗ್ಗಿನ ಮೋಡ ಮತ್ತು ಮಂಜಿದ್ದಾಗ ಹೊರಟಿತ್ತು. ಆ ದೇಶದ ಸಾರಿಗೆ ಸುರಕ್ಷತಾ ಮಂಡಳಿ 2019ರಲ್ಲಿ ಪ್ರಕಟಿಸಿದ ವರದಿಯು, ಸಾಧ್ಯವಿರುವ ಕಡೆ ರೋಗಿಗಳಿಗೆ ಸಾಮಾನ್ಯ ವಿಮಾನಯಾನದ ಟಿಕೆಟ್ ಕೊಡಿಸುವುದನ್ನು ಪರಿಗಣಿಸುವಂತೆ ಸಂಸ್ಥೆಗೆ ಸೂಚಿಸಿತು. ಅದೇ ವರ್ಷ ಅಲ್ಲಿನ ವಿಮಾನಯಾನ ನಿಯಂತ್ರಣ ಪ್ರಾಧಿಕಾರ ಪೈಲಟ್‌ನ ಅನುಭವಕ್ಕೂ ವಿಮಾನದ ನಿರ್ವಹಣೆಗೂ ಹೆಚ್ಚಿನ ಷರತ್ತುಗಳನ್ನು ವಿಧಿಸಿತು. ಷರತ್ತುಗಳು ಸೇವೆಯನ್ನು ಕಟ್ಟಿಹಾಕುತ್ತವೆ ಎಂದು ಗೊಣಗಿದವರಿದ್ದಾರೆ. ನಾನು ಟಿಕೆಟ್ ಕೊಡಿಸುವ ಪಕ್ಷದವಳು. ವಿಮಾನ ಹಾರಿಸುವುದೇ ನಮ್ಮ ಗುರಿಯಲ್ಲ, ರೋಗಿಯನ್ನು ಆಸ್ಪತ್ರೆಗೆ ಮುಟ್ಟಿಸುವುದು ಗುರಿ.

ಕಳೆದ ಚಳಿಗಾಲದಲ್ಲಿ ಎಂಟು ವರ್ಷದ ಒಬ್ಬ ಹುಡುಗನನ್ನು ಅಸ್ಥಿಮಜ್ಜೆ ಕಸಿಯ ತಪಾಸಣೆಗೆ ಕರೆದೊಯ್ಯುವುದಿತ್ತು. ಬೆಳಗಿನ ಐದು ಗಂಟೆಗೆ ಪೈಲಟ್ ನನಗೆ ಫೋನ್ ಮಾಡಿ, ಮೋಡ ತೀರಾ ತಗ್ಗಿನಲ್ಲಿದೆ, ಅದರೊಳಗೆ ರೆಕ್ಕೆಗೆ ಹಿಮ ಕಟ್ಟುವ ಸಂಭವವಿದೆ, ಇವತ್ತು ಹಾರುವುದಿಲ್ಲ ಎಂದರು. ಉಪಕರಣ ನಂಬಿ ಹಾರುವ ಪರವಾನಗಿ ಅವರಿಗಿದೆ, ಆದರೆ ಹಿಮವನ್ನು ಕರಗಿಸುವ ವ್ಯವಸ್ಥೆ ಅವರ ವಿಮಾನಕ್ಕಿಲ್ಲ. ಹುಡುಗನ ತಾಯಿಗೆ ತಿಳಿಸಿದಾಗ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊರಟು ನೋಡಬಹುದಲ್ಲ, ಆಗದಿದ್ದರೆ ವಾಪಸ್ ಬಂದರಾಯಿತು" ಎಂದರು. ನನಗೂ ಹಾಗೇ ಅನ್ನಿಸಿದ್ದರಿಂದ ಮಾತು ಹೊರಡಲಿಲ್ಲ. ಆ ಪ್ರಶ್ನೆಯನ್ನು ಪೈಲಟ್‌ಗೆ ಮುಟ್ಟಿಸಿದೆ. ಅವರು ಹೇಳಿದ್ದು ಇಷ್ಟು: "ಮಗು ಹಿಂದಿನ ಸೀಟಿನಲ್ಲಿ ಕುಳಿತ ಮೇಲೆ ವಾಪಸ್ ತಿರುಗಿಸುವುದು ನನಗೆ ಇನ್ನೂ ಕಷ್ಟವಾಗುತ್ತದೆ. ಅದಕ್ಕೇ ಮನೆಯಲ್ಲಿದ್ದಾಗಲೇ ನಿರ್ಧರಿಸುತ್ತೇನೆ."

ಎರಡು ದಿನ ಮೊದಲೇ ನಾನು ಆಕೆಗೆ, ರದ್ದಾದರೆ ಹೋಗಲು ಬೇರೆ ದಾರಿಯೊಂದನ್ನು ಗೊತ್ತು ಮಾಡಿಟ್ಟುಕೊಳ್ಳಿ ಎಂದು ಹೇಳಿದ್ದೆ, ಪ್ರತಿ ಕುಟುಂಬಕ್ಕೂ ಹೇಳುತ್ತೇನೆ. ಹುಡುಗನ ಸೋದರಮಾವ ಕಾರು ಸಿದ್ಧವಿಟ್ಟಿದ್ದರು. ಆರು ಗಂಟೆಗೆ ಹೊರಟವರು ಒಂಬತ್ತು ಗಂಟೆ ಪ್ರಯಾಣ ಮಾಡಿ ಆಸ್ಪತ್ರೆ ಸೇರಿದರು. ವೈದ್ಯರ ಕಚೇರಿಗೆ ನಾನು ಮೊದಲೇ ತಿಳಿಸಿದ್ದರಿಂದ ತಪಾಸಣೆಯನ್ನು ಸಂಜೆಗೆ ಬದಲಿಸಿಕೊಟ್ಟರು.

ಐದು ದಿನಗಳ ನಂತರ ಆಕಾಶ ತಿಳಿಯಾಗಿತ್ತು, ಅದೇ ಪೈಲಟ್ ಅವರನ್ನು ಮನೆಗೆ ಕರೆದೊಯ್ಯಲು ಬಂದರು. ಆಸ್ಪತ್ರೆ ಇರುವುದು ನಾನಿರುವ ಊರಿನಲ್ಲೇ ಆದ್ದರಿಂದ ಆ ದಿನ ನಾನೂ ನಿಲ್ದಾಣಕ್ಕೆ ಹೋಗಿದ್ದೆ. ಹುಡುಗನ ತಲೆಗೆ ಹೆಡ್‌ಸೆಟ್ ದೊಡ್ಡದಾಗಿ ಕೆನ್ನೆಯವರೆಗೆ ಜಾರುತ್ತಿತ್ತು. ಪೈಲಟ್ ಉಣ್ಣೆಯ ಟೋಪಿ ಹಾಕಿಸಿ ಅದರ ಮೇಲೆ ಹೆಡ್‌ಸೆಟ್ ಕೂರಿಸಿದರು. ತಾಯಿ ಚೀಲವನ್ನು ಕೊಟ್ಟಾಗ ಅದರ ಹಿಡಿಗೆ ಒಂದು ಚೀಟಿ ಕಟ್ಟಿತ್ತು. ಆಕೆ ಹೊರಡುವ ಮುನ್ನ ತಾವೇ ತೂಗಿ, 24 ಪೌಂಡ್ ಎಂದು ಬರೆದಿದ್ದರು.