ಭಾವ ಕೇಳಿದ ಪ್ರಶ್ನೆ

"ಕೋಟಿ ಕೋಟಿ ಜ್ಯೋತಿರ್ವರ್ಷ ಆಚೆ ಇರೋ ಗ್ಯಾಲಕ್ಸಿ ಫಳಫಳ ಅಂತ ಕಾಣ್ತದಂತೆ, ಪಕ್ಕದ ಶನಿಯ ಚಂದ್ರ ಮಾತ್ರ ಮಸುಕಂತೆ. ಯಾರ ಕಿವಿಗೆ ಹೂವ ಮಡಗ್ತೀರಪ್ಪ?"

ಭಾನುವಾರ ಮಂಡ್ಯದ ಅಕ್ಕನ ಮನೆಯಲ್ಲಿ ಊಟ ಮುಗಿಸಿ ಕೂತಾಗ ಭಾವ ಹೀಗಂದರು. ಕೈಯಲ್ಲಿದ್ದ ಮೊಬೈಲಿನಲ್ಲಿ ಬಾಹ್ಯಾಕಾಶದಲ್ಲಿರೋ ಜೇಮ್ಸ್ ವೆಬ್ ದೂರದರ್ಶಕ ತೆಗೆದ, ಶನಿಯ ಚಂದ್ರ ಎನ್ಸೆಲಾಡಸ್‌ನ ಚಿತ್ರ. ಬರೀ ಚೌಕ ಚೌಕ. ನನ್ನ ಎಂಜಿನಿಯರ್ ತಮ್ಮ ಕಿಸಕ್ಕನೆ ನಕ್ಕ. "ಭಾವ, ನಿಮಗದು ಅರ್ಥ ಆಗಲ್ಲ ಬಿಡಿ." ಅವನಿಗಾದರೂ ಅರ್ಥ ಆಗಿತ್ತಾ? ಕೇಳಿದರೆ "ಝೂಮ್ ಪ್ರಾಬ್ಲಮ್" ಅಂದ.

ಓದಿದವರ ಈ ನಗು ನನಗೆ ಆಗಿಬರಲ್ಲ. ನಾಲೆಗೆ ನೀರು ಬಿಟ್ಟಾಯ್ತು ಅಂದರೂ ಹೋಗಿ ನೋಡದೆ ನಂಬದ ಮನುಷ್ಯ ನಮ್ಮ ಭಾವ. ಅನುಮಾನ ಪಟ್ಟವರನ್ನು ನೋಡಿ ನಕ್ಕರೆ ಅವರು ಸುಮ್ನೆ ಇರ್ತಾರಾ? ನಗದೆ ಉತ್ತರ ಕೊಡೋ ವಾಟ್ಸಾಪ್ ಗುರುಗಳ ಹತ್ತಿರ ಹೋಗ್ತಾರೆ. "ಯಾರ ಕಿವಿಗೆ ಹೂವ" ಅನ್ನೋದು ಇನ್ನೂ ನನ್ನ ತಲೆಯಲ್ಲಿ ಸುತ್ತುತ್ತಿದೆ. ಎಷ್ಟು ಸರಿಯಾದ ಪ್ರಶ್ನೆ ಅಲ್ವಾ ಅದು!

ಎನ್ಸೆಲಾಡಸ್ ಅಗಲ ಸುಮಾರು 500 ಕಿಲೋಮೀಟರ್, ಇರೋದು ಸುಮಾರು 140 ಕೋಟಿ ಕಿಲೋಮೀಟರ್ ಆಚೆ. ಮೈಸೂರಲ್ಲಿ ನಿಂತು ಮಂಡ್ಯದ ಅಂಗಳದಲ್ಲಿ ಬಿದ್ದ ಒಂದು ಅವರೆಕಾಳು ನೋಡಿದ ಹಾಗೆ. ಆಂಡ್ರೊಮಿಡಾ ಗ್ಯಾಲಕ್ಸಿ 25 ಲಕ್ಷ ಜ್ಯೋತಿರ್ವರ್ಷ ದೂರ ಇದ್ದರೂ ಆಕಾಶದಲ್ಲಿ ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು ಅಗಲ. ಅಷ್ಟು ಅಗಲ ಇರೋದರಿಂದ ಚಿತ್ರ ಸ್ಪಷ್ಟ ಅನ್ನಿಸುತ್ತೆ. ತೀರಾ ದೂರದ ಗ್ಯಾಲಕ್ಸಿಗಳಲ್ಲಂತೂ ಒಂದೊಂದು ಚುಕ್ಕೆಯೊಳಗೆ ಅದೆಷ್ಟೋ ನಕ್ಷತ್ರ ಕಲಸಿಹೋಗಿರುತ್ತವೆ, ನಮಗೆ ಗೊತ್ತೇ ಆಗಲ್ಲ.

ವೆಬ್‌ನಲ್ಲಿ ಬೆಳಕು ಹಿಡಿಯೋ ಕನ್ನಡಿ 6.5 ಮೀಟರ್ ಅಗಲ. ಬೆಳಕು ಅಲೆ ತಾನೇ, ಎಂಥ ಕನ್ನಡಿಯಲ್ಲೂ ಚೂರು ಹರಡುತ್ತೆ. ಇನ್ನೂ ಸಣ್ಣದು ಕಾಣಬೇಕಂದ್ರೆ ಕನ್ನಡಿ ದೊಡ್ಡದಾಗಬೇಕು, ಇಲ್ಲಾ ಹತ್ತಿರ ಹೋಗಬೇಕು. ಶನಿಯನ್ನು ಸುತ್ತಿದ ಕ್ಯಾಸಿನಿ ನೌಕೆ ಎನ್ಸೆಲಾಡಸ್ ಹತ್ತಿರ ಹೋಗಿತ್ತು, ಅದಕ್ಕೇ ಅದರ ಚಿತ್ರಗಳಲ್ಲಿ ಹಿಮದ ಬಿರುಕುಗಳೂ ಕಾಣುತ್ತವೆ.

ನಾನು ಇಷ್ಟು ಹೇಳಿದ್ದನ್ನ ಭಾವ ಪೂರ್ತಿ ಕೇಳಿಸಿಕೊಂಡರು. "ಹಂಗಿದ್ರೆ ಮಸುಕು ಅಂತ ಗೊತ್ತಿದ್ದೂ ಯಾಕೆ ತೆಗೆದ್ರು?"

ಇದು ಮೊದಲಿನದಕ್ಕಿಂತ ಒಳ್ಳೆ ಪ್ರಶ್ನೆ. ಆ ಪುಟ್ಟ ಚಂದ್ರ ಚಿಮ್ಮುವ ನೀರಾವಿ ಎಷ್ಟು ದೂರ ಹರಡಿದೆ ಅನ್ನೋದು ಅದೇ ಚಿತ್ರದಿಂದ 2023ರಲ್ಲಿ ತಿಳಿಯಿತು. ಸುಮಾರು 9,600 ಕಿಲೋಮೀಟರ್. ಎನ್ಸೆಲಾಡಸ್ ಅಗಲದ ಹತ್ತಿರಹತ್ತಿರ ಇಪ್ಪತ್ತು ಪಟ್ಟು.

"ಅಂದ್ರೆ ಅವರು ನೋಡ್ತಿದ್ದಿದ್ದು ಚಂದ್ರನ್ನಲ್ಲ, ನೀರನ್ನ ಅನ್ನು" ಅಂದರು ಭಾವ. ತಮ್ಮ ಅಷ್ಟೊತ್ತಿಗಾಗಲೇ ರೀಲ್ಸ್ ನೋಡುತ್ತಿದ್ದ.