ಝಿರೋ ಉತ್ಸವಕ್ಕೆ ವಾದ್ಯ ಸಮೇತ ಹೊರಡುವ ಬ್ಯಾಂಡಿಗೆ

ಅರುಣಾಚಲದ ಝಿರೋ ಕಣಿವೆಯಲ್ಲಿ 2012ರಿಂದ ಸಂಗೀತ ಉತ್ಸವ ನಡೆಯುತ್ತಿದೆ. ಬೆಂಗಳೂರಿನಿಂದ ನುಡಿಸಲು ಹೋಗುವ ತಂಡಗಳು ಹೆಚ್ಚು ತಲೆಕೆಡಿಸಿಕೊಳ್ಳುವುದು ವಿಮಾನದ ಟಿಕೆಟ್ಟಿಗೆ. ಕಾರ್ಯಕ್ರಮ ಕೆಡುವುದು ಮಾತ್ರ ಕೊನೆಯ ನೂರು ಕಿಲೋಮೀಟರಿನಲ್ಲಿ, ಇಲ್ಲವೇ ಕಣಿವೆಯ ತೇವದಲ್ಲಿ. ಉತ್ಸವ ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಗೆ ಬರುತ್ತದೆ, ಆಗ ಅಲ್ಲಿ ಮಳೆ ಪೂರ್ತಿ ಹಿಂದೆಗೆದಿರುವುದಿಲ್ಲ. ಕಣಿವೆ ಇರುವುದು ಸುಮಾರು 1,500 ಮೀಟರ್ ಎತ್ತರದಲ್ಲಿ, ಅದರಿಂದ ಹಾಡುವವರ ಉಸಿರಿಗೆ ತೊಂದರೆಯಿಲ್ಲ, ತೊಂದರೆಯೆಲ್ಲ ವಾದ್ಯಗಳಿಗೆ.

ಮೊದಲು ಕಾಗದಪತ್ರ. ಅರುಣಾಚಲಕ್ಕೆ ಹೋಗಲು ಹೊರರಾಜ್ಯದ ಭಾರತೀಯರಿಗೂ ಇನ್ನರ್ ಲೈನ್ ಪರ್ಮಿಟ್ ಎಂಬ ಪ್ರವೇಶ ಅನುಮತಿ ಬೇಕು. ಆನ್‌ಲೈನ್‌ನಲ್ಲೇ ಸಿಗುತ್ತದೆ, ಆದರೆ ತಂಡದ ಪ್ರತಿಯೊಬ್ಬರಿಗೂ, ಸೌಂಡ್ ಎಂಜಿನಿಯರ್‌ಗೂ ಬೇರೆಬೇರೆ ಮಾಡಿಸಬೇಕು. ಅರ್ಜಿಗೆ ಹಾಕಿದ ಗುರುತಿನ ಚೀಟಿಯನ್ನೇ ಒಯ್ಯಿರಿ, ಪರ್ಮಿಟ್‌ನ ಎರಡು ಪ್ರಿಂಟ್ ಇಟ್ಟುಕೊಳ್ಳಿ. ತಂಡದಲ್ಲಿ ವಿದೇಶಿಯರಿದ್ದರೆ ಅವರಿಗೆ ಪ್ರೊಟೆಕ್ಟೆಡ್ ಏರಿಯಾ ಪರ್ಮಿಟ್ ಬೇಕು. ಆ ಕೆಲಸ ತಿಂಗಳ ಮುಂಚೆಯೇ ಶುರುವಾಗಲಿ.

ಗುವಾಹಟಿಯವರೆಗೆ ವಿಮಾನ, ಅಲ್ಲಿಂದ ರಾತ್ರಿ ರೈಲಿನಲ್ಲಿ ಇಟಾನಗರದ ಪಕ್ಕದ ನಾಹರ್‌ಲಗುನ್: ಸಾಮಾನು ಹೆಚ್ಚಿರುವ ತಂಡಕ್ಕೆ ಇದೇ ಒಳ್ಳೆಯ ದಾರಿ. 2022ರಲ್ಲಿ ಶುರುವಾದ ಹೊಲ್ಲೊಂಗಿ ವಿಮಾನ ನಿಲ್ದಾಣ ಹತ್ತಿರವೇ ಇದೆ, ಆದರೆ ಸಣ್ಣ ವಿಮಾನವಾದರೆ ಕೀಬೋರ್ಡ್ ಕೇಸು ಹಿಡಿಸುತ್ತದೆಯೇ ಎಂದು ಟಿಕೆಟ್ ಮಾಡುವ ಮೊದಲೇ ಕೇಳಿ. ನಾಹರ್‌ಲಗುನ್‌ನಿಂದ ಝಿರೋಗೆ ನಾಲ್ಕು ಗಂಟೆ, ಮಳೆಯಲ್ಲಿ ಐದಾರು. ಗುಡ್ಡ ಕುಸಿದರೆ ಲೆಕ್ಕವೇ ಇಲ್ಲ. ಅಷ್ಟು ಪೂರ್ವದಲ್ಲಿ ಸಂಜೆ ಐದೂಕಾಲಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ಹಾಗಾಗಿ ಬೆಳಿಗ್ಗೆಯೇ ಹೊರಡಿ. ಶೋಗೆ ಎರಡು ದಿನ ಮೊದಲು ಮುಟ್ಟುವಂತೆ ಯೋಜಿಸಿ.

ಐದು ಜನರ ತಂಡಕ್ಕೆ ಒಂದು ಸುಮೋ ಪೂರ್ತಿ ಬಾಡಿಗೆಗೆ ಹಿಡಿಯಿರಿ, ಶೇರ್ ಸೀಟು ಬೇಡ. ವಾದ್ಯಗಳು ಒಳಗೆ, ಬಟ್ಟೆಬ್ಯಾಗು ಟಾರ್ಪಾಲಿನಡಿ ಮೇಲೆ. ಗಿಟಾರನ್ನು ಸೀಟಿನ ಸಂದಿಯಲ್ಲಿ ನಿಲ್ಲಿಸಿ ಕಟ್ಟಿ. ಮಲಗಿಸಿದರೆ ಪ್ರತಿ ತಿರುವಿನಲ್ಲೂ ಅದರ ಮೇಲೆ ಬ್ಯಾಗು ಬೀಳುತ್ತದೆ. ವಾಂತಿ ಮಾತ್ರೆ ಬೇಕಾದವರು ಹೊರಡುವ ಅರ್ಧ ಗಂಟೆ ಮೊದಲೇ ನುಂಗಲಿ.

ಡ್ರಮ್ ಸೆಟ್, ಆಂಪ್ ಆಯೋಜಕರು ಕೊಡುತ್ತಾರೆಂದರೂ ಮಾಡೆಲ್ ಹೆಸರು ಬರೆಸಿಕೊಳ್ಳಿ. ಡ್ರಮ್ಮರ್ ಕೈಯಲ್ಲಿ ತನ್ನದೇ ಸ್ನೇರ್, ಸಿಂಬಲ್, ಕಿಕ್ ಪೆಡಲ್, ಹೈ-ಹ್ಯಾಟ್ ಕ್ಲಚ್ (ಜೋಡಿ ಸಿಂಬಲ್‌ನಲ್ಲಿ ಮೇಲಿನದನ್ನು ಹಿಡಿದಿಡುವ ಬಿಗಿ), ನಾಲ್ಕು ಫೆಲ್ಟ್ (ಸಿಂಬಲ್‌ಗೆ ಹಾಕುವ ಮೆತ್ತನೆಯ ಬಿಲ್ಲೆ) ಇರಲಿ. ಕ್ಲಚ್, ಫೆಲ್ಟ್‌ಗಳು ಅಂಗೈಯಗಲದ ವಸ್ತುಗಳು, ಆದರೆ ಎಲ್ಲ ಕಡೆ ಕಳೆದುಹೋಗಿರುವುದೂ ಅವೇ. ಬಿಡಿ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕ್ ಕೈಚೀಲದಲ್ಲೇ ಹೋಗಬೇಕು, ತಲಾ 100 ವ್ಯಾಟ್-ಅವರ್ ಒಳಗೆ. 20,000 ಎಂಎಎಚ್‌ನದು ಸುಮಾರು 74.

ತೇವದ ಮಾತನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. ಮೃದಂಗ, ತಬಲಾ ಚರ್ಮ ತೇವ ಎಳೆದು ಸಡಿಲಾಗಿ ಶ್ರುತಿ ಇಳಿಯುತ್ತದೆ. ಬೇಗ ಶ್ರುತಿ ಮಾಡಿಟ್ಟು ಪ್ರಯೋಜನವಿಲ್ಲ. ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಗಾಳಿಯಾಡದ ಚೀಲದಲ್ಲಿಟ್ಟು, ವೇದಿಕೆ ಹತ್ತುವ ಇಪ್ಪತ್ತು ನಿಮಿಷ ಮೊದಲು ತೆಗೆದು ಶ್ರುತಿ ಕೂಡಿಸಿ. ಒಲೆಗೆ ಹಿಡಿದು ಒಣಗಿಸಿದರೆ ಚರ್ಮದ ನಡುವಿನ ಕಪ್ಪು ಲೇಪ, ಅಂದರೆ ಕರಣೆ, ಬಿರುಕು ಬಿಡುತ್ತದೆ. ಘಟಕ್ಕೆ ಶ್ರುತಿ ತಿದ್ದುವ ಅವಕಾಶವೇ ಕಡಿಮೆ, ಆದ್ದರಿಂದ ಹಾಡಿನ ಶ್ರುತಿಯನ್ನು ಅದಕ್ಕೆ ಹೊಂದಿಸಿ. ಚಳಿಯಲ್ಲಿದ್ದ ಕೀಬೋರ್ಡನ್ನು ಬೆಚ್ಚಗಿನ ಕೋಣೆಗೆ ತಂದ ಕೂಡಲೇ ಆನ್ ಮಾಡಬೇಡಿ. ಒಳಗೆ ಹನಿಗಟ್ಟಿರುತ್ತದೆ, ಕೇಸಿನಲ್ಲೇ ಒಂದು ಗಂಟೆ ಬಿಡಿ.

ಬಯಲಿನ ವೇದಿಕೆ ಅಂದರೆ ಜನರೇಟರ್ ಕರೆಂಟು. ಒಂದು ಕ್ಷಣ ಹೋಗಿ ಬಂದರೂ ಡಿಜಿಟಲ್ ಪೆಡಲ್, ಕೀಬೋರ್ಡ್ ಮತ್ತೆ ಶುರುವಾಗಲು ಅರ್ಧ ನಿಮಿಷ ಬೇಡುತ್ತವೆ. ಆ ಅರ್ಧ ನಿಮಿಷ ತುಂಬಲು ತಾಳವಾದ್ಯದ ಒಂದು ತುಣುಕು ಮೊದಲೇ ಗೊತ್ತುಮಾಡಿಕೊಳ್ಳಿ. ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಆಗಿರಲಿ. ಸ್ಪೀಕರಿನಲ್ಲಿ ಹಮ್ (ಗುಂಯ್‌ಗುಡುವ ಸದ್ದು) ಬಂದರೆ ಡಿಐ ಬಾಕ್ಸಿನ (ವಾದ್ಯದ ಸಿಗ್ನಲನ್ನು ಮಿಕ್ಸರಿಗೆ ಕಳಿಸುವ ಪೆಟ್ಟಿಗೆಯ) ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಪ್ಲಗ್ಗಿನ ಅರ್ತ್ ಪಿನ್ ಕೀಳುವ ಚಾಳಿ ಒದ್ದೆ ವೇದಿಕೆಯಲ್ಲಿ ಜೀವ ತೆಗೆಯುತ್ತದೆ, ಯಾರೇ ಹೇಳಿದರೂ ಒಪ್ಪಬೇಡಿ.

ಪೂರ್ಣ ಸೌಂಡ್‌ಚೆಕ್ ಸಿಗುತ್ತದೆಂದು ನಂಬಿ ಹೋಗಬೇಡಿ, ಹಲವು ಸಲ ಲೈನ್ ಚೆಕ್ (ಪ್ರತಿ ಲೈನಿನಲ್ಲಿ ಸದ್ದು ಬರುತ್ತಿದೆಯೇ ಎಂಬ ಪರೀಕ್ಷೆ) ಅಷ್ಟೇ. ಇನ್‌ಪುಟ್ ಲಿಸ್ಟ್ (ಯಾವ ವಾದ್ಯಕ್ಕೆ ಯಾವ ಮೈಕು, ಲೈನು ಎಂಬ ಪಟ್ಟಿ), ಸ್ಟೇಜ್ ಪ್ಲಾಟ್ (ವೇದಿಕೆಯಲ್ಲಿ ಯಾರು ಎಲ್ಲಿ ಎಂಬ ನಕ್ಷೆ) ವಾರದ ಮುಂಚೆ ಕಳಿಸಿ, ಕಾಗದದ ಪ್ರತಿಯನ್ನೂ ಒಯ್ಯಿರಿ: ನೆಟ್‌ವರ್ಕ್ ಕೈಕೊಟ್ಟಾಗ ಫೋನಿನಲ್ಲಿರುವ ಪಿಡಿಎಫ್ ಎಂಜಿನಿಯರ್‌ಗೆ ತಲುಪುವುದಿಲ್ಲ. ಅದೇ ಕಾರಣಕ್ಕೆ ನಗದೂ ಬೇಕು, ಝಿರೋದ ಹಾಪೋಲಿ ಪೇಟೆಯಲ್ಲೇ ತೆಗೆದಿಟ್ಟುಕೊಳ್ಳಿ. ಮೊಣಕಾಲೆತ್ತರದ ಗಂಬೂಟು ಕೆಸರಿಗೆ. ವೇದಿಕೆಗೆ ಬೇರೆ ಒಣ ಶೂ, ಏಕೆಂದರೆ ಅಡಿಗೆ ಕೆಸರು ಮೆತ್ತಿದ ಬೂಟಿಗೆ ಪೆಡಲ್ ಸ್ವಿಚ್ ಜಾರುತ್ತದೆ.

ಭತ್ತದ ಗದ್ದೆಗಳಲ್ಲೇ ಮೀನು ಸಾಕುವ ಅಪತಾನಿ ರೈತರ ಊರು ಅದು. ಗದ್ದೆಯ ಬದುಗಳ ಮೇಲೆ ಟ್ರಾಲಿ, ಕೇಸು ಎಳೆಯಬೇಡಿ. ಬದು ಒಡೆದರೆ ನೀರೂ ಮೀನೂ ಹರಿದುಹೋಗುತ್ತವೆ.

ವಾಪಸು ಬರುವಾಗ ಝಿರೋ ಬಿಟ್ಟ ದಿನವೇ ವಿಮಾನ ಹತ್ತುವ ಟಿಕೆಟ್ ಬೇಡ. ಗುವಾಹಟಿಯಲ್ಲಿ ಒಂದು ರಾತ್ರಿ ತಂಗಿ, ಕೇಸುಗಳನ್ನೆಲ್ಲ ತೆರೆದು ಫ್ಯಾನಿನಡಿ ಒಣಗಿಸಿ, ತಂತಿಗಳನ್ನು ಒರೆಸಿ, ನಂತರ ಪ್ಯಾಕ್ ಮಾಡಿ.