ನನ್ನ ಟೈಮಿನ ರೊಕ್ಕ ಯಾರ್ ಕೊಡ್ತಾರ್ರೀ?

"ರೊಕ್ಕ ಕೊಟ್ಟೀನಿ. ನೂರು ಆಗೋತನಕ ಗನ್ ತೆಗಿಯಂಗಿಲ್ಲ."

"ಕರೆಂಟಿನ ರೊಕ್ಕ ನೀವ್ ಕೊಟ್ರಿ ಸಾಹೇಬ್ರ. ನನ್ನ ಟೈಮಿನ ರೊಕ್ಕ ಯಾರ್ ಕೊಡ್ತಾರ್ರೀ?"

ಮಂಗಳವಾರ ಮಧ್ಯಾಹ್ನ ಕಲಬುರಗಿಯ ಹುಮನಾಬಾದ್ ರಸ್ತೆಯ, ಎಲೆಕ್ಟ್ರಿಕ್ ಗಾಡಿಗಳ ಒಂದು ಚಾರ್ಜಿಂಗ್ ಸ್ಟೇಷನ್‌ನಲ್ಲಿ ಕೇಳಿದ ಮಾತಿದು. ವಾರ ಮುಗಿಯುತ್ತಾ ಬಂದರೂ ತಲೆಯಿಂದ ಇಳಿದಿಲ್ಲ.

ಗಾಡಿಗೆ ಸಿಕ್ಕಿಸುವ ಎರಡು ಚಾರ್ಜಿಂಗ್ ಗನ್‌ಗಳಲ್ಲಿ ಒಂದು ಕೆಟ್ಟಿತ್ತು. ಇನ್ನೊಂದಕ್ಕೆ ದೊಡ್ಡ ಬಿಳಿ ಕಾರು. ಮಾಲೀಕರು ಏಸಿ ಹಾಕಿಕೊಂಡು ಒಳಗೇ ಕೂತಿದ್ದರು. ಹಿಂದೆ ಟ್ಯಾಕ್ಸಿ ಹುಡುಗ, ಅವನ ಹಿಂದೆ ನಾನು. ಮೇಲೆ ಒಂದು ತಗಡಿನ ನೆರಳೂ ಇಲ್ಲ. ನಮ್ಮ ಊರಿನ ಬಿಸಿಲು ಗೊತ್ತಲ್ವಾ? ಚಾರ್ಜರಿನ ಪರದೆಯ ಮೇಲೆ ಬ್ಯಾಟರಿ ಶೇಕಡಾ 84 ಅಂತ ಇತ್ತು. ಗನ್ ಬಿಟ್ಟುಕೊಡ್ತೀರಾ ಅಂತ ಹುಡುಗ ಬಹಳ ಮರ್ಯಾದೆಯಿಂದಲೇ ಕೇಳಿದ. ಕಿಟಕಿ ನಾಲ್ಕು ಬೆರಳು ಇಳಿಯಿತು, ಆ ಉತ್ತರ ಬಂತು.

ಎಂಬತ್ತು ದಾಟಿದ ಮೇಲೆ ಬ್ಯಾಟರಿ ಹಾಳಾಗದಿರಲಿ ಅಂತ ಗಾಡಿಯೇ ಕರೆಂಟ್ ಎಳೆಯುವುದನ್ನು ಕಡಿಮೆ ಮಾಡುತ್ತದೆ. ಇಪ್ಪತ್ತರಿಂದ ಎಂಬತ್ತಕ್ಕೆ ಎಷ್ಟು ಹೊತ್ತೋ, ಕೆಲವು ಗಾಡಿಗಳಲ್ಲಿ ಕೊನೆಯ ಇಪ್ಪತ್ತಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಯೂನಿಟ್ ಸ್ವಲ್ಪ, ಹೊತ್ತು ಜಾಸ್ತಿ. ಬಿಲ್ ಆಗುವುದು ಮಾತ್ರ ಯೂನಿಟ್ ಲೆಕ್ಕದಲ್ಲಿ. ಹಾಗಾಗಿ ಕಾಯುವವನ ಹೊತ್ತು ಯಾವ ಬಿಲ್ಲಿಗೂ ಬರುವುದಿಲ್ಲ. ಹುಡುಗ ಕೇಳಿದ್ದು ಇದನ್ನೇ.

ಸಾಹೇಬರು ದೂರ ಹೊರಟಿದ್ದರೆ ನಾನೂ ಸುಮ್ನಿರುತ್ತಿದ್ದೆ. ಹೈದರಾಬಾದಿಗೆ ಹೋಗುವವರಿಗೆ ನೂರು ಬೇಕಾಗಬಹುದು. ಇವರ ಮನೆಯಲ್ಲೇ ಚಾರ್ಜರ್ ಇದೆಯಂತೆ. ಪೇಟೆಗೆ ಬಂದಿದ್ದರು, ಹಾಕಿದರು, ಅಷ್ಟೆ. ಕೆಟ್ಟ ಮನುಷ್ಯರು ಅಂತ ಅನ್ನಿಸಲಿಲ್ಲ. ಆದರೆ ರೊಕ್ಕ ಕೊಟ್ಟ ಮೇಲೆ ಜಾಗವೂ ತನ್ನದೇ ಅನ್ನುವ ಆ ದನಿ ನನಗೆ ಸಹಿಸಲಾಗಲಿಲ್ಲ.

ಹುಡುಗ ಇರುವುದು ಬಾಡಿಗೆ ರೂಮಿನಲ್ಲಿ, ಎರಡನೇ ಮಹಡಿ. ಮನೆ ಮಾಲೀಕರು ಕೆಳಗೆ ವೈರ್ ಬಿಡಲು ಒಪ್ಪುವುದಿಲ್ಲ. ಮನೆ ಮೀಟರಿನಲ್ಲಿ ಯೂನಿಟ್‌ಗೆ ಆರೇಳು ರೂಪಾಯಿ ಬಿದ್ದರೆ, ಅವನಿಗೆ ಇಲ್ಲಿ 20 ರೂಪಾಯಿ, ಮೇಲೆ ಶೇಕಡಾ 18 ಜಿಎಸ್‌ಟಿ. ಅಲ್ಲಿಗೆ 23 ರೂಪಾಯಿ 60 ಪೈಸೆ. ಚಾರ್ಜ್ ಮಾಡಿಕೊಡುವುದು ಕರೆಂಟ್ ಮಾರಾಟವಲ್ಲ, ಸೇವೆ ಅಂತ ಕೇಂದ್ರ ಸರ್ಕಾರ 2018ರಲ್ಲೇ ಹೇಳಿದೆ. ಸೇವೆ ಅಂದ ಮೇಲೆ ತೆರಿಗೆ ಬಿತ್ತು. ಮನೆಯ ಕರೆಂಟಿಗೆ ಜಿಎಸ್‌ಟಿ ಇಲ್ಲ. ಎಲೆಕ್ಟ್ರಿಕ್ ಗಾಡಿ ಕೊಳ್ಳುವಾಗ ಶೇಕಡಾ 5, ದುಡಿಯಲು ಚಾರ್ಜ್ ಹಾಕಿದರೆ 18. ಸ್ವಂತ ಮನೆ, ಸ್ವಂತ ಪಾರ್ಕಿಂಗ್ ಇದ್ದವರಿಗೆ ಅಗ್ಗ, ಇಲ್ಲದವರಿಗೆ ದುಬಾರಿ. ಇದು ಯಾವ ನ್ಯಾಯ?

ಸ್ಟೇಷನ್ ನಡೆಸುವವರಿಗೂ ಖರ್ಚಿದೆ, ಒಪ್ಪುತ್ತೇನೆ. ದರ ನಾಳೆಯೇ ಇಳಿಸಿ ಅಂತ ನಾನು ಹೇಳುತ್ತಿಲ್ಲ. ಹಿಂದೆ ಗಾಡಿ ಕಾಯುತ್ತಿದ್ದರೆ ಎಂಬತ್ತರ ನಂತರ ನಿಮಿಷದ ಲೆಕ್ಕದಲ್ಲಿ ಹಣ ತಗೊಳ್ಳಿ. ತುಂಬಿದ ಮೇಲೂ ನಿಲ್ಲಿಸಿದವರಿಗೆ ದಂಡ ಹಾಕುವ ಪದ್ಧತಿ ಎಷ್ಟೋ ಕಡೆ ಇದೆ. ಅದನ್ನೇ ಸ್ವಲ್ಪ ಮುಂಚೆ ಶುರು ಮಾಡಬೇಕು. ಕೆಟ್ಟ ಗನ್ ರಿಪೇರಿ ಮಾಡಿಸಬೇಕು. ನೆರಳು ಹಾಕಿಸಬೇಕು.

92ಕ್ಕೆ ಸಾಹೇಬರಿಗೆ ಫೋನ್ ಬಂತು. ತಾವೇ ಗನ್ ತೆಗೆದು ಹೊರಟರು. ಅಷ್ಟರಲ್ಲಿ ಹುಡುಗನಿಗೆ ಸಿಕ್ಕಿದ್ದ ಸೇಡಂ ಊರಿನ ಟ್ಯಾಕ್ಸಿ ಬಾಡಿಗೆ ಬೇರೆಯವರ ಪಾಲಾಗಿತ್ತು.